ಕರೆಂಟಿಗಲ್ಲ, ಹೊಗೆಗೆ ಹೆದರಿ

ಪ್ರಶ್ನೆ: ನಮ್ಮ ಯಜಮಾನರು ಬೆಂಗಳೂರಿನಲ್ಲಿ ಅಗ್ನಿಶಾಮಕ ದಳದಲ್ಲಿದ್ದಾರೆ. ಮೊನ್ನೆ ಎಲೆಕ್ಟ್ರಿಕ್ ಸ್ಕೂಟರ್‌ಗೆ ಬೆಂಕಿ ಬಿದ್ದಿದೆ ಎಂದು ಕರೆ ಬಂದು ಹೋಗಿದ್ದರು. ರಾತ್ರಿಯಿಡೀ ಕೆಮ್ಮಿದರು. ಒಗೆಯಲು ಯೂನಿಫಾರಂ ತೆಗೆದರೆ ಮೂಗಿಗೆ ಹೊಡೆಯುವ ವಾಸನೆ. ಕೇಳಿದರೆ ‘ಇದೆಲ್ಲ ಇದ್ದದ್ದೇ’ ಅನ್ನುತ್ತಾರೆ. ಇಂಥ ಗಾಡಿಗೆ ನೀರು ಹೊಡೆದರೆ ಕರೆಂಟ್ ಹಿಡಿಯುತ್ತದಂತೆ. ಅದನ್ನು ಕೇಳಿದಾಗಿನಿಂದ ನನಗೆ ನಿದ್ದೆಯಿಲ್ಲ. ಮನೆಯಲ್ಲಿ ಚಿಕ್ಕ ಮಗು ಬೇರೆ ಇದೆ. ಏನು ಮಾಡಲಿ?

ಉತ್ತರ: ತಂಗಿ, ಮೊದಲು ಆ ಕೆಮ್ಮಿನ ವಿಷಯ. ಅದು ಇನ್ನೂ ನಿಂತಿಲ್ಲವಾದರೆ, ಎದೆ ಬಿಗಿಯುತ್ತಿದ್ದರೆ, ಇವತ್ತೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ‘ಬ್ಯಾಟರಿ ಹೊಗೆ ಕುಡಿದಿದ್ದಾರೆ’ ಎಂದು ಡಾಕ್ಟರಿಗೆ ಬಿಡಿಸಿ ಹೇಳಿ. ಲಿಥಿಯಂ ಬ್ಯಾಟರಿ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಫ್ಲೋರೈಡ್ ಕೂಡ ಬರುತ್ತದೆ. ಅದು ಕಣ್ಣು, ಗಂಟಲು, ಶ್ವಾಸಕೋಶದ ತೇವಕ್ಕೆ ಸೇರಿ ಆಮ್ಲವಾಗುತ್ತದೆ. ಅದರ ಪೆಟ್ಟು ಕೆಲವೊಮ್ಮೆ ಗಂಟೆಗಳ ನಂತರ ಗೊತ್ತಾಗುತ್ತದೆ.

ಕರೆಂಟಿನ ಭಯ ಬಿಡಿ. ಇಂಥ ಬೆಂಕಿಗೆ ನೀರೇ ಮದ್ದು. ಒಳಗೆ ಒಂದು ಸೆಲ್ ಕಾದು ಪಕ್ಕದ್ದನ್ನು ಕಾಯಿಸುತ್ತ ಹೋಗುತ್ತದೆ, ಆ ಕಾವು ಇಳಿಸಲು ಧಾರಾಳ ನೀರು ಬೇಕು. ದೂರದಿಂದ ಹೊಡೆದರೆ ಶಾಕ್ ತಗಲುವ ಅಪಾಯ ತೀರ ಕಡಿಮೆ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಸಾಮಾನ್ಯವಾಗಿ ಸುಮಾರು 400 ವೋಲ್ಟ್‌ನದು, ಕೆಲವದು 800ರದ್ದು. ಅಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕತ್ತರಿಸಬಾರದು, ಬ್ಯಾಟರಿಯನ್ನು ಚುಚ್ಚಬಾರದು. ಇದು ನಿಮ್ಮ ಯಜಮಾನರಿಗೆ ಗೊತ್ತಿರುತ್ತದೆ. ಹಸಿರು ನಂಬರ್ ಪ್ಲೇಟ್ ಕಂಡರೇ ಎಚ್ಚರವಾಗುವವರು ಅವರು.

ಜನ ಮೋಸಹೋಗುವುದು ಬೆಂಕಿ ಆರಿದ ಮೇಲೆ. ಜ್ವಾಲೆ ಇಲ್ಲ, ಬಿಳಿ ಹಬೆಯಂಥದ್ದು ಮಾತ್ರ ಏಳುತ್ತಿದೆ ಎಂದು ಉಸಿರಾಟದ ಸಾಧನದ (ಬಿ.ಎ. ಸೆಟ್) ಮಾಸ್ಕ್ ತೆಗೆಯುತ್ತಾರೆ. ಆ ಬಿಳಿ ಹೊಗೆಯೂ ವಿಷವೇ, ಬೇಸ್‌ಮೆಂಟಿನಲ್ಲಿ ತುಂಬಿಕೊಂಡರೆ ಸಿಡಿಯಬಹುದು. ಉಳಿದ ಸೆಲ್‌ಗಳು ಗಂಟೆಗಳ, ದಿನಗಳ ನಂತರ ಮತ್ತೆ ಹೊತ್ತಿಕೊಂಡದ್ದೂ ಇದೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2020ರ ವರದಿಯಲ್ಲಿ ಇದನ್ನೇ ಎಚ್ಚರಿಸಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನ ಸ್ಕೂಟರ್ ಶೋರೂಮಿಗೆ ಬೆಂಕಿ ಬಿದ್ದಾಗ ಹೊಗೆ ಮೇಲಿನ ಲಾಡ್ಜಿಗೆ ಏರಿತು. ಎಂಟು ಮಂದಿ ಸತ್ತರು. ಬಯಲಲ್ಲಿ, ಒಳಗೆ ಯಾರೂ ಇಲ್ಲದ ಗಾಡಿಯಾದರೆ, ದೂರ ನಿಂತು ಉರಿದುಹೋಗಲು ಬಿಡುವುದೂ ಒಂದು ಕ್ರಮವೇ. ಅದು ಹೇಡಿತನವಲ್ಲ.

ಈಗ ನೀವು ಮಾಡಬೇಕಾದದ್ದು. ಡ್ಯೂಟಿ ಮುಗಿಸಿ ಬಂದ ಕೂಡಲೇ ಕೇಳಬೇಡಿ. ದಣಿದ ಮನುಷ್ಯ ‘ಇದ್ದದ್ದೇ’ ಅನ್ನದೆ ಇನ್ನೇನು ಅಂದಾರು? ರಜೆಯ ದಿನ, ಮಗು ಅವರ ತೊಡೆಯ ಮೇಲಿರುವಾಗ ಹೇಳಿ. ಕೆಲಸ ಬಿಡಿ ಎನ್ನಬೇಡಿ. ‘ಸ್ಥಳದಿಂದ ದೂರ ಬರುವವರೆಗೂ ಮಾಸ್ಕ್ ತೆಗೆಯಬೇಡಿ’ ಅನ್ನಿ. ಹೊಗೆಯ ವಿಷ ಹತ್ತಿದ ಬಟ್ಟೆ, ಬೂಟು ಮನೆಗೆ ಬರುವುದು ಬೇಡ. ಠಾಣೆಯಲ್ಲೇ ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು ಬರಲಿ. ಇವತ್ತು ಮನೆಯಲ್ಲಿರುವ ಯೂನಿಫಾರಂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿಡಿ. ಮಗುವಿನ ಬಟ್ಟೆಯ ಜೊತೆ ಎಂದಿಗೂ ಒಗೆಯಬೇಡಿ, ಮುಟ್ಟುವಾಗ ಗ್ಲೌಸ್ ಇರಲಿ.

ಒಗೆಯುವ ಯಂತ್ರ, ಬದಲಿ ಉಡುಪು ಪ್ರತಿ ಠಾಣೆಯಲ್ಲೂ ಇರಬೇಕು. ಇಲ್ಲದ ಕಡೆ ಸಿಬ್ಬಂದಿ ಒಟ್ಟಾಗಿ ಬರೆದು ಕೇಳಲಿ, ಇಲಾಖೆ ಕೊಡಲಿ. ಊರಿನ ಬೆಂಕಿ ಆರಿಸಿದವರ ವಿಷದ ಬಟ್ಟೆಯನ್ನು ಅವರ ಹೆಂಡಂದಿರ ಬಕೆಟ್ಟಿಗೆ ಬಿಡುವುದು ಅನ್ಯಾಯ.