ಲೈಕ್ ಸಾಲದು, ವಾಕ್ಯ ಬೇಕು: ಕವಿತೆ ಬರೆಯುವ ವಿದ್ಯಾರ್ಥಿಗೆ 8 ಸೂತ್ರಗಳು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕವಿತೆ ಬರೆಯುವವರಿಗೆ ಬರವಿಲ್ಲ. ಬಿವಿಬಿಯ ಎಂಜಿನಿಯರಿಂಗ್ ಹುಡುಗರು, ಕಿಮ್ಸ್‌ನ ಮೆಡಿಕಲ್ ವಿದ್ಯಾರ್ಥಿಗಳು, ಜಾಬಿನ್ ಕಾಲೇಜಿನ ಬಿಎಸ್ಸಿಯವರು, ಹಗಲಿಡೀ ಆಫೀಸಿನಲ್ಲಿ ದುಡಿದು ರಾತ್ರಿ ಮೊಬೈಲಿನಲ್ಲಿ ನಾಲ್ಕು ಸಾಲು ಟೈಪ್ ಮಾಡುವವರು, ಹೀಗೆ ಬರೆಯುವವರು ಎಲ್ಲ ಕಡೆಯೂ ಇದ್ದಾರೆ. ಕವಿತೆ ವಾಟ್ಸಾಪ್ ಗ್ರೂಪಿಗೆ ಬಿದ್ದ ಹತ್ತೇ ನಿಮಿಷಕ್ಕೆ ಹೆಬ್ಬೆರಳು, ಮುಗಿದ ಕೈ, ‘ಸೂಪರ್ ಸರ್’, ‘ಮಸ್ತ್ ಐತ್ರಿ’, ‘ಅದ್ಭುತ ಸಾಲುಗಳು ಮೇಡಂ’ ಎಲ್ಲ ಬಂದುಬಿಡುತ್ತವೆ. ಖುಷಿಪಡಿ, ತಪ್ಪಿಲ್ಲ. ಆದರೆ ಮುಂದಿನ ಕವಿತೆ ಇದಕ್ಕಿಂತ ಚೆನ್ನಾಗಿ ಬರಬೇಕು ಅನ್ನುವ ಹಟ ಇದ್ದರೆ ಕೆಳಗಿನ ಸೂತ್ರಗಳನ್ನು ಇವತ್ತಿನಿಂದಲೇ ಹಿಡಿಯಿರಿ.

1. ಲೈಕನ್ನು ಹಾಜರಿ ಅಂತ ಮಾತ್ರ ಓದಿ

ಕ್ಲಾಸಿನಲ್ಲಿ ‘ಪ್ರೆಸೆಂಟ್’ ಅಂದವರೆಲ್ಲ ಪಾಠ ಕೇಳಿದ್ದಾರೆ ಅಂತಲ್ಲ. ಲೈಕೂ ಅಷ್ಟೇ. ಫೇಸ್‌ಬುಕ್ 2009ರ ಫೆಬ್ರವರಿ 9ರಂದು ಲೈಕ್ ಬಟನ್ ತಂದಿದ್ದೇ ಏನೂ ಬರೆಯದೆ ಮೆಚ್ಚುಗೆ ತಿಳಿಸಲಿ ಅಂತ. ವಾಟ್ಸಾಪ್ 2022ರಲ್ಲಿ ಮೆಸೇಜಿನ ಮೇಲೇ ಎಮೋಜಿ ಒತ್ತುವ ಸೌಲಭ್ಯ ಕೊಟ್ಟಿತು. ಹುಟ್ಟುಹಬ್ಬದ ಫೋಟೋಕ್ಕೆ ಇಷ್ಟು ಸಾಕು. ಕವಿತೆಯ ಯಾವ ಸಾಲು ಓದುಗನನ್ನು ಹಿಡಿದು ನಿಲ್ಲಿಸಿತು, ಅವನು ಎಲ್ಲಿ ಜಾರಿಹೋದ ಎಂಬುದನ್ನು ಯಾವ ಬಟನ್ನೂ ಹೇಳುವುದಿಲ್ಲ.

2. ಸಂಖ್ಯೆಯನ್ನು ಮುಚ್ಚಿಡಿ

ಇನ್‌ಸ್ಟಾಗ್ರಾಂನಲ್ಲಿ ಲೈಕುಗಳ ಲೆಕ್ಕ ಕಾಣದ ಹಾಗೆ ಮಾಡುವ ಆಯ್ಕೆ 2021ರಿಂದ ಇದೆ. ಆನ್ ಮಾಡಿ. ಸಂಖ್ಯೆ ಕಣ್ಣಿಗೆ ಬೀಳುತ್ತಿದ್ದರೆ ಹೆಚ್ಚು ಲೈಕ್ ತಂದ ಕವಿತೆಯನ್ನೇ ನೀವು ಮತ್ತೆ ಮತ್ತೆ ಬರೆಯುತ್ತೀರಿ.

3. ‘ಹೇಗಿದೆ?’ ಅಂತ ಕೇಳಬೇಡಿ

ಆ ಪ್ರಶ್ನೆಗೆ ‘ಚೆನ್ನಾಗಿದೆ’ ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಕವಿತೆಯ ಕೆಳಗೆ ನಿಖರವಾದ ಒಂದು ಪ್ರಶ್ನೆ ಹಾಕಿ. ‘ಕೊನೆಯ ಎರಡು ಸಾಲು ತೆಗೆದರೆ ಕವಿತೆ ನಿಲ್ಲುತ್ತದೆಯೇ?’ ‘ಇಲ್ಲಿ ಮಾತಾಡುತ್ತಿರುವುದು ತಾಯಿ ಅಂತ ಗೊತ್ತಾಗುತ್ತದೆಯೇ?’ ‘ಯಾವ ಪದಕ್ಕೆ ಎಡವಿದಿರಿ?’ ಪ್ರಶ್ನೆ ಚಿಕ್ಕದಿದ್ದಷ್ಟೂ ಉತ್ತರ ಕೊಡುವವರ ಸಂಕೋಚ ಕಡಿಮೆ.

4. ನೂರು ಮಂದಿಯ ಗ್ರೂಪಿನೊಳಗಿಂದ ಮೂವರನ್ನು ಆರಿಸಿಕೊಳ್ಳಿ

ಇದಕ್ಕೆ ಮಾದರಿ ದೂರದಲ್ಲಿಲ್ಲ. ಚಿಗರಿ ಬಸ್ ಹತ್ತಿದರೆ ಧಾರವಾಡ. 1920ರ ದಶಕದಲ್ಲಿ ಅಲ್ಲಿ ದ.ರಾ. ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಕೂಡಿತು. ಶಂ.ಬಾ. ಜೋಶಿ, ರಂ.ಶ್ರೀ. ಮುಗಳಿ, ಇನ್ನೂ ವಿದ್ಯಾರ್ಥಿಯಾಗಿದ್ದ ವಿ.ಕೃ. ಗೋಕಾಕ ಅದರಲ್ಲಿ ಬೆಳೆದರು. ಮುಂದೆ ಆ ಒಂದೇ ಗುಂಪಿನ ಇಬ್ಬರಿಗೆ ಜ್ಞಾನಪೀಠ ಬಂತು: 1973ರಲ್ಲಿ ಬೇಂದ್ರೆಯವರಿಗೆ, 1990ರಲ್ಲಿ ಗೋಕಾಕರಿಗೆ. 1964ರಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಸೇರಿ ‘ಸಂಕ್ರಮಣ’ ಪತ್ರಿಕೆ ಶುರು ಮಾಡಿದರು. ಅವರೂ ಮೂವರೇ.

ನಿಮ್ಮ ಮೂವರನ್ನು ಹುಷಾರಾಗಿ ಆರಿಸಿ. ಒಬ್ಬರು ನಿಮಗಿಂತ ಹೆಚ್ಚು ಓದಿದವರಾಗಿರಲಿ. ಒಬ್ಬರು ನಿಮ್ಮ ಓರಗೆಯವರಿರಲಿ. ಮೂರನೆಯವರು ಕವಿತೆಯನ್ನೇ ಬರೆಯದ, ಆದರೆ ಓದುವ ಮನುಷ್ಯ ಆಗಿರಲಿ. ವಾರಕ್ಕೊಂದು ಕವಿತೆ ಸಾಕು. ಸಾಧ್ಯವಿದ್ದರೆ ಉಣಕಲ್ ಕೆರೆಯ ದಂಡೆಯಲ್ಲಿ ಕೂತು ಗಟ್ಟಿಯಾಗಿ ಓದಿ. ಲಯ ತಪ್ಪಿದ ಕಡೆ ನಾಲಗೆ ತಡವರಿಸುತ್ತದೆ, ಸ್ಕ್ರೀನಿನಲ್ಲಿ ಅದು ಕಾಣುವುದಿಲ್ಲ.

5. ಮೊದಲು ನೀವು ಕೊಡಿ

‘ನನಗೆ ವಿಮರ್ಶೆ ಬರೆಯಲು ಬರುವುದಿಲ್ಲ’ ಅನ್ನುವುದು ಅಭ್ಯಾಸಬಲದ ಮಾತು. ಬಿಡಿ. ಪಾಂಡಿತ್ಯ ಬೇಕಿಲ್ಲ, ಗಮನ ಇದ್ದರೆ ಸಾಕು. ಗೆಳತಿ ಮಳೆಯ ಮೇಲೆ ಬರೆದಿದ್ದಾಳೆ ಅನ್ನಿ. ಹೀಗೆ ಬರೆಯಿರಿ: ‘ಎರಡನೇ ಸಾಲಿನಲ್ಲಿ ಅಂಗಡಿಯವರು ತಾಡಪತ್ರಿ ಎಳೆಯುವ ಸದ್ದು ಬಂತಲ್ಲ, ಅಲ್ಲಿ ನನಗೆ ಮಳೆ ಕೇಳಿಸಿತು. ಮಳೆ, ಇಳೆ, ಕೊಳೆ ಅಂತ ಸಾಲಾಗಿ ಬಂದಾಗ ಪ್ರಾಸಕ್ಕಾಗಿ ಪದ ತಂದ ಹಾಗಾಯಿತು. ಆ ಭಾಗ ಪ್ರಾಸವಿಲ್ಲದೆ ಬರೆದು ನೋಡ್ತೀಯಾ?’ ಇಲ್ಲಿರುವುದು ಇಷ್ಟೇ: ನಾಟಿದ್ದು ಯಾವುದು, ಕೆಟ್ಟದ್ದು ಎಲ್ಲಿ, ಏನು ಮಾಡಬಹುದು. ಹೀಗೆ ಇನ್ನೊಬ್ಬರ ಪ್ರಾಸ ಹಿಡಿದು ನೋಡುವ ಕಣ್ಣು ನಾಳೆ ನಿಮ್ಮದೇ ಡ್ರಾಫ್ಟ್ ಮೇಲೂ ಬೀಳುತ್ತದೆ.

ಬರೆದವರು ಹಿರಿಯರಾದರೆ ‘ಸರ್, ಈ ಸಾಲು ನನಗೆ ಸ್ಪಷ್ಟವಾಗಲಿಲ್ಲ, ತಿಳಿಸ್ತೀರಾ?’ ಅಂತ ಕೇಳಿ. ಮರ್ಯಾದೆಯೂ ಉಳಿಯುತ್ತದೆ, ಮಾತೂ ಮುಟ್ಟುತ್ತದೆ.

6. ಟೀಕೆಯನ್ನು ಕೆಲಸಕ್ಕೆ ಹಚ್ಚಿ

ಕೊರಗಬೇಡಿ, ಬರೆಯಿರಿ. ಮುಂದಿನದು ನಾಟಕದ ಉದಾಹರಣೆ, ಆದರೂ ಪ್ರತಿಯೊಬ್ಬ ಕವಿಗೂ ಗೊತ್ತಿರಬೇಕು. ಧಾರವಾಡದ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಕನ್ನಡ ಸಾಹಿತ್ಯವನ್ನು ಸಮೀಕ್ಷೆ ಮಾಡುತ್ತ, ಬರ್ನಾರ್ಡ್ ಷಾ ಇತಿಹಾಸವನ್ನು ಬಳಸಿದ ಹಾಗೆ ನಮ್ಮ ನಾಟಕಕಾರರು ಬಳಸಿಲ್ಲ ಎಂಬರ್ಥದ ಮಾತು ಬರೆದರು. ಗಿರೀಶ ಕಾರ್ನಾಡರು ಅದನ್ನು ಓದಿದರು. ಆಗ ಅವರು ಇಪ್ಪತ್ತರ ಹರೆಯದವರು, ಮನೋಹರ ಗ್ರಂಥಮಾಲೆಯಿಂದ 1961ರಲ್ಲಿ ‘ಯಯಾತಿ’ ಬಂದಿತ್ತು. ಆ ಕೊರತೆಯ ಮಾತನ್ನು ಅವರು ಸವಾಲಾಗಿ ತೆಗೆದುಕೊಂಡರು. ಇತಿಹಾಸ ಓದಿದರು, ಒಬ್ಬ ಸುಲ್ತಾನ ಸಿಕ್ಕಿದ, 1964ರಲ್ಲಿ ‘ತುಘಲಕ್’ ಬಂತು. ಇದರ ಹಿಂದಿನ ಪ್ರೇರಣೆ ವಿಮರ್ಶಕರ ಆ ಮಾತೇ ಎಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಒಬ್ಬ ಓದುಗ ಯೋಚಿಸಿ ಬರೆದ ಮಾತಿಗೆ ಇಷ್ಟು ಶಕ್ತಿ ಇದೆ. ಸಾವಿರ ಹೆಬ್ಬೆರಳು ಸೇರಿದರೂ ಇಂಥ ಕೆಲಸ ಆಗದು.

ಆದ್ದರಿಂದ ಒಂದು ನೋಟ್‌ಬುಕ್ ಇಡಿ. ಬಂದ ಟೀಕೆಯನ್ನು ಎಡಪುಟದಲ್ಲಿ ಬರೆಯಿರಿ, ಅದರಂತೆ ತಿದ್ದಿದ ಸಾಲನ್ನು ಬಲಪುಟದಲ್ಲಿ. ಎರಡು ದಿನ ಬಿಟ್ಟು ಹೋಲಿಸಿ. ಹಳೆಯ ಸಾಲೇ ಚೆಂದ ಅನ್ನಿಸಿದರೆ ಅದನ್ನೇ ಧೈರ್ಯವಾಗಿ ಉಳಿಸಿಕೊಳ್ಳಿ.

7. ಕತ್ತರಿಗೆ ಒಪ್ಪಿ

ಟಿ.ಎಸ್. ಎಲಿಯಟ್ ತನ್ನ ‘ದಿ ವೇಸ್ಟ್ ಲ್ಯಾಂಡ್’ ಹಸ್ತಪ್ರತಿಯನ್ನು ಗೆಳೆಯ ಎಜ್ರಾ ಪೌಂಡ್ ಕೈಗೆ ಕೊಟ್ಟ. ಪೌಂಡ್ ಪುಟಗಟ್ಟಲೆ ಹೊಡೆದುಹಾಕಿದ. 1922ರಲ್ಲಿ ಅಚ್ಚಾದಾಗ ಕವಿತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಎಲಿಯಟ್ ಮುನಿಸಿಕೊಳ್ಳಲಿಲ್ಲ, ಕವಿತೆಯನ್ನು ಪೌಂಡ್‌ಗೇ ಅರ್ಪಿಸಿದ. ನಿಮ್ಮ ಇಪ್ಪತ್ತು ಸಾಲಿನಲ್ಲಿ ಆರು ಸಾಲು ಹೋದರೆ ಗಾಬರಿ ಬೇಡ.

8. ಬೈಗುಳವನ್ನು ವಿಮರ್ಶೆ ಅಂದುಕೊಳ್ಳಬೇಡಿ

‘ಇದು ಕವಿತೆನಾ?’ ಅಂತ ಕೇಳಿ ಹೋಗುವವನು ಲೈಕ್ ಒತ್ತಿ ಹೋಗುವವನಷ್ಟೇ ಅವಸರದವನು. ಇಬ್ಬರೂ ಓದಿಲ್ಲ. ಉತ್ತರಿಸಬೇಡಿ. ಆ ಟೈಮನ್ನು ನಿಮ್ಮ ಸಾಲಿಗೆ ಕೊಡಿ. ಆದರೆ ನಿಮ್ಮ ಮೂವರ ಮಾತು ಖಾರವಾಗಿದ್ದರೂ ಪೂರ್ತಿ ಕೇಳಿ, ಏಕೆಂದರೆ ಅವರು ಕವಿತೆ ಓದಿ ಆಡಿದ ಮಾತದು.

ಈ ಭಾನುವಾರದೊಳಗೆ ಎರಡು ಕೆಲಸ ಮುಗಿಸಿ. ಆ ಮೂವರಿಗೆ ಫೋನ್ ಮಾಡಿ, ಭೇಟಿಯ ಹೊತ್ತು ಗೊತ್ತು ಮಾಡಿ. ನಿಮ್ಮ ಗ್ರೂಪಿನಲ್ಲಿ ಯಾರೂ ಮಾತಾಡಿಸದ ಹೊಸಬರ ಒಂದು ಕವಿತೆ ಹುಡುಕಿ, ಎರಡು ಸಲ ಓದಿ, ಅದಕ್ಕೆ ಮೂರು ವಾಕ್ಯ ಬರೆಯಿರಿ.