ವಾಡೆ ಮಾರುವ ಮುಂಚೆ

ತಮ್ಮಾ, ಆನೆಗೊಂದಿ ಕಡೆಯ ಹೊಳೆದಂಡೆಯ ವಾಡೆಯನ್ನೂ ಅದರ ಹಿಂದಿನ ಬಾಳೆತೋಟವನ್ನೂ ಮಾರಬೇಕೆಂದಿರುವೆಯಂತೆ. ಬೇಡ ಎನ್ನಲು ಬರೆಯುತ್ತಿಲ್ಲ. ನಿನ್ನ ಸಂಸಾರ, ಅಂಗಡಿ, ಮಕ್ಕಳ ಶಾಲೆ ಎಲ್ಲವೂ ಕುಷ್ಟಗಿಯಲ್ಲಿ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳುಮಣ್ಣು ಹಾಕಿಸಲೂ ನಿನಗೆ ಬಿಡುವಾಗುವುದಿಲ್ಲ. ಮಂದಿ ಇರದ ಮನೆ ಬೇಗ ಬೀಳುತ್ತದೆ. ಇರುವವರಿಗೆ ಕೊಡುವುದೇ ಮೇಲು. ಆದರೆ ಇಡಿಯಾಗಿ ಕೊಡು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೊಡು.

ಮನೆ ಕೊಳ್ಳುವವನಿಗಿಂತ ಮೊದಲು ನಿನ್ನ ಬಾಗಿಲಿಗೆ ಹಳೇ ಕಟ್ಟಿಗೆಯ ವ್ಯಾಪಾರಿ ಬರುತ್ತಾನೆ. ತಲಬಾಗಿಲ ಚೌಕಟ್ಟಿಗೆ ಇಷ್ಟು, ಪಡಸಾಲೆಯ ಕಂಬಗಳಿಗೆ ಇಷ್ಟು ಎಂದು ನಗದು ಎಣಿಸಿ ತೋರಿಸುತ್ತಾನೆ. ಎತ್ತು ಮಾರುವವನು ಕೋಡು ಬೇರೆ, ಗೊರಸು ಬೇರೆ ಮಾರುತ್ತಾನೆಯೇ? ಮಣ್ಣಿನ ಮಾಳಿಗೆಯ ಭಾರವನ್ನೆಲ್ಲ ಜಂತಿ ತೊಲೆಗೆ ದಾಟಿಸುತ್ತದೆ, ತೊಲೆ ಕಂಬಕ್ಕೆ ದಾಟಿಸುತ್ತದೆ. ಒಂದು ಕಂಬ ಕಿತ್ತರೆ ತೊಲೆ ಜಗ್ಗುತ್ತದೆ, ಮಾಳಿಗೆ ತಗ್ಗಾಗಿ ನೀರು ನಿಲ್ಲುತ್ತದೆ, ಆ ನೀರು ಗೋಡೆಯೊಳಗಿನ ಮಣ್ಣನ್ನು ಕರಗಿಸುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ನಿನ್ನ ಹತ್ತಿರ ಮಾರಲು ಉಳಿಯುವುದು ಬರೀ ಜಾಗ. ಅವನಿಗೆ ಅಗಸಿಯ ಹೊರಗಿನಿಂದಲೇ ನಮಸ್ಕಾರ ಹೇಳಿ ಕಳಿಸು.

ಇನ್ನು ಕಾಗದಪತ್ರ. ನಮ್ಮದು ಹಿಂದೆ ನಿಜಾಮರ ಸೀಮೆ. ಟ್ರಂಕಿನಲ್ಲಿ ಉರ್ದು ಸನದುಗಳಿದ್ದರೆ ರದ್ದಿಗೆ ಹಾಕಬೇಡ, ಬಲ್ಲವರಿಂದ ಓದಿಸು. 1954-55ರ ಖಾಸರಾ ಪಹಣಿಯಿಂದ ಇವತ್ತಿನ ಪಹಣಿವರೆಗೆ ಹೆಸರುಗಳು ಹೇಗೆ ಬದಲಾಗಿವೆ ಎಂದು ಕೂತು ನೋಡು. ಹೊಳೆಯ ಕಡೆ ‘ಬ’ ಖರಾಬು ಎಂದಿದ್ದರೆ ಅದು ಸರ್ಕಾರದ್ದು. ನೀರಿನ ಅಂಚಿನವರೆಗೂ ನಮ್ಮದೇ ಎಂದು ಯಾರಿಗೂ ಹೇಳಬೇಡ. ಮೋಜಣಿ ಮಾಡಿಸಿ, ಕಲ್ಲು ನೆಡಿಸಿ, ಆಮೇಲೆ ಬೆಲೆಯ ಮಾತು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದಾಗಿದೆ. ಹಾಗಾಗಿ ರೆಸಾರ್ಟಿನ ಕನಸು ಹೊತ್ತವರೇ ಹೆಚ್ಚು ಬರುತ್ತಾರೆ. ಅವರಿಗೆ ಹೊಳೆಯ ನಡುವಿನ ವಿರೂಪಾಪುರ ಗಡ್ಡಿಯ ರೆಸಾರ್ಟುಗಳ ಕಥೆ ಮೊದಲೇ ಹೇಳು. ಹಂಪಿ 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅದರ ಸುತ್ತ ಕಟ್ಟಡ ಕಟ್ಟಲು ಅನುಮತಿ ಕೊಡುವ ಪ್ರಾಧಿಕಾರ 2002ರ ಕಾಯ್ದೆಯಿಂದ ಬಂತು. ಆನೆಗೊಂದಿಯೂ ಆ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ. ಗಡ್ಡಿಯಲ್ಲಿ ಪಟ್ಟಾ ಜಮೀನಿದ್ದವರೂ ಕಟ್ಟಡಗಳನ್ನು ಉಳಿಸಿಕೊಳ್ಳಲಾಗಲಿಲ್ಲ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು, ಮಾರ್ಚಿನಲ್ಲಿ ಜೆಸಿಬಿ ಬಂತು. ಅಲ್ಲಿ ದುಡಿಯುತ್ತಿದ್ದ ಹುಡುಗರ ಅನ್ನವೂ ಹೋಯಿತು, ಅದು ನನಗೆ ಇವತ್ತಿಗೂ ಸಂಕಟ. ನಿನ್ನಿಂದ ಕೊಂಡವನಿಗೆ ಆ ಗತಿ ಬರಬಾರದು.

ಇಂಥ ನಿರ್ಬಂಧವನ್ನು ಮೊದಲೇ ತಿಳಿಸುವುದು ಹೊಸ ಮಾತಲ್ಲ. ಫ್ರಾನ್ಸಿನಲ್ಲಿ ಲುವಾರ್ ನದಿಯ ದಂಡೆಯಲ್ಲಿ ಹಳೇ ಶ್ರೀಮಂತರ ಮಹಲುಗಳು ತೋಟದ ಸಮೇತ ಮಾರಾಟಕ್ಕೆ ಬರುತ್ತವೆ. ಅಲ್ಲಿ 1913ರಿಂದಲೇ ಒಂದು ಕಟ್ಟಳೆ ಇದೆ: ಸ್ಮಾರಕವೆಂದು ಘೋಷಿಸಿದ ಕಟ್ಟಡ ಯಾರ ಕೈಗೆ ಹೋದರೂ ಆ ನಿರ್ಬಂಧ ಅದರ ಜೊತೆಗೇ ಹೋಗುತ್ತದೆ, ಮಾರುವವನು ಅದನ್ನು ಕೊಳ್ಳುವವನಿಗೆ ತಿಳಿಸಲೇಬೇಕು. ನಮ್ಮಲ್ಲಿ ಕೊಳ್ಳುವವನು ಕೇಳದಿದ್ದರೂ ಪ್ರಾಧಿಕಾರದ ನಿರ್ಬಂಧವನ್ನು ನೀನು ತಿಳಿಸು. ನೆರೆಯ ಮಾತನ್ನೂ ಮುಚ್ಚಿಡಬೇಡ. ಹೊಳೆಯ ಮೇಲುಗಡೆ ತುಂಗಭದ್ರಾ ಅಣೆಕಟ್ಟೆಯಿದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದದ್ದನ್ನು ನೀನೇ ಕಂಡಿದ್ದೀ. ತೋಟಕ್ಕೆ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಜಾಗದ ಮೇಲೆ ನಿಂತು ತೋರಿಸು.

ಕೊಳ್ಳುವವನನ್ನು ಆರಿಸುವಾಗ ಆನೆಗೊಂದಿಯೊಳಗೇ ಒಮ್ಮೆ ತಿರುಗಾಡು. ಕಿಷ್ಕಿಂದಾ ಟ್ರಸ್ಟಿನವರು ಅಲ್ಲಿನ ಹಳೇ ಮನೆಗಳನ್ನು ಮಣ್ಣು, ಕಲ್ಲು, ಕಟ್ಟಿಗೆಯಲ್ಲೇ ದುರಸ್ತಿ ಮಾಡಿ ಬಳಕೆಗೆ ತಂದಿದ್ದಾರೆ. ಅಂಥ ಕೆಲಸ ಕಂಡವನು ವಾಡೆಯನ್ನು ಕೆಡವದೆ ಬದುಕುವ ದಾರಿ ಹುಡುಕುತ್ತಾನೆ. ಅಂಥವನು ಸ್ವಲ್ಪ ಕಡಿಮೆ ಕೊಟ್ಟರೂ ಅವನಿಗೇ ಕೊಡು ಎಂಬುದು ನನ್ನ ಅಭಿಪ್ರಾಯ.

ಕಡೆಯದು, ನಿನ್ನ ಅಕ್ಕತಂಗಿಯರು. ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತದಲ್ಲಿ ಅವರಿಗೂ ನಿನ್ನಷ್ಟೇ ಪಾಲು. ಸಹಿ ಬೇಕಾದಾಗ ಮಾತ್ರ ಕರೆಯುವ ಚಾಳಿ ನಮ್ಮ ಮನೆಯಲ್ಲಿ ಬೇಡ. ಪಂಚಮಿಗೆ ತವರಿಗೆ ಬರುತ್ತಾರಲ್ಲ, ಆಗ ಕಾಗದಗಳನ್ನೆಲ್ಲ ಮುಂದಿಟ್ಟು ಮಾತಾಡು. ಅಲ್ಲಿಯವರೆಗೆ ಯಾರಿಂದಲೂ ಮುಂಗಡ ಹಿಡಿಯಬೇಡ. ನಾನೂ ಬರುತ್ತೇನೆ.