ಸಹಪಾಠಿಗಳ ಬಗ್ಗೆ ಬರೆಯುವ ಹುಡುಗಿಗೆ

ಲಕ್ಷ್ಮೇಶ್ವರದಲ್ಲಿ ಹತ್ತನೆಯ ತರಗತಿ ಮುಗಿಸುತ್ತಿರುವ ತಮ್ಮನ ಮಗಳಿಗೂ, ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿಗಳಲ್ಲಿ ಅವಳಂತೆಯೇ ಸಹಪಾಠಿಗಳ ಬಗ್ಗೆ ಬರೆಯಲು ಕೂತ ಅವಳ ವಾರಿಗೆಯ ಮಕ್ಕಳಿಗೂ ಬೆಟಗೇರಿಯ ಅತ್ತೆಯ ಆಶೀರ್ವಾದಗಳು.

ಎಸ್ಸೆಸ್ಸೆಲ್ಸಿ ಮಕ್ಕಳ ಬೀಳ್ಕೊಡುಗೆ ಈ ಸೀಮೆಯ ಊರುಗಳಲ್ಲಿ ಪರೀಕ್ಷೆಗೆ ಸ್ವಲ್ಪ ಮೊದಲು ನಡೆಯುತ್ತದೆ. ಸರಸ್ವತಿ ಪೂಜೆ, ಗುರುಗಳ ಹಿತನುಡಿ, ಮಕ್ಕಳು ಹಣ ಕೂಡಿಸಿ ಶಾಲೆಗೆ ಕೊಡುವ ಗಡಿಯಾರ ಇಲ್ಲವೆ ಫ್ಯಾನು, ಊಟ, ಕಡೆಗೆ ಗ್ರೂಪ್ ಫೋಟೋ. ಇವುಗಳ ಜೊತೆಗೆ ಕೆಲವು ಶಾಲೆಗಳಲ್ಲಿ ಇನ್ನೊಂದು ರೂಢಿಯಿದೆ. ತರಗತಿಯ ಪ್ರತಿಯೊಬ್ಬರ ಬಗ್ಗೆ ಜೊತೆಗಾರರೇ ಒಂದೊಂದು ಪುಟ ಬರೆದು, ಹೊಲಿದು, ಶಾಲೆಯಲ್ಲಿ ಇಟ್ಟು ಹೋಗುವ ಪುಸ್ತಕ ಅದು. ಆಟೋಗ್ರಾಫ್ ಪುಸ್ತಕದಲ್ಲಿ ಬರೆಯುವವರು ತಮ್ಮ ಹಾರೈಕೆ, ತಮ್ಮ ಸಹಿ, ತಮ್ಮ ವಿಳಾಸ ಬರೆಯುತ್ತಾರೆ. ಈ ಪುಸ್ತಕದಲ್ಲಿ ಎದುರಿಗಿರುವವರನ್ನು ನೋಡಿ ಬರೆಯಬೇಕು. ಕಷ್ಟವಿರುವುದು ಅಲ್ಲೇ.

ಗೆಳೆಯರ ಕೈಬರಹ ಕೂಡಿಸಿಡುವ ಆಸೆ ಬಹಳ ಹಳೆಯದು. 16ನೆಯ ಶತಮಾನದಲ್ಲಿ ಜರ್ಮನಿಯ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಂಥ ಪುಸ್ತಕಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಗುರುಗಳಿಂದ, ಜೊತೆಗಾರರಿಂದ ಬರೆಸಿಕೊಳ್ಳುತ್ತಿದ್ದರು. ಅಮೆರಿಕದ ಹೈಸ್ಕೂಲುಗಳು ಪ್ರತಿ ವರ್ಷ ಮಕ್ಕಳ ಭಾವಚಿತ್ರದೊಡನೆ ಇಯರ್‌ಬುಕ್ ಅಚ್ಚು ಹಾಕಿಸುತ್ತವೆ. ಕನ್ನಡದಲ್ಲಿ ವ್ಯಕ್ತಿಚಿತ್ರಕ್ಕೆ ದೊಡ್ಡವರೇ ದಾರಿ ಮಾಡಿಕೊಟ್ಟಿದ್ದಾರೆ. ಡಿ.ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಿವೆ, 1979ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಎ.ಎನ್. ಮೂರ್ತಿರಾವ್ ಅವರ ‘ಚಿತ್ರಗಳು ಪತ್ರಗಳು’ ಇದೆ. ಶಾಲೆಯ ಗ್ರಂಥಾಲಯದಲ್ಲಿ ಸಿಕ್ಕರೆ ಬರೆಯಲು ಕೂಡುವ ಮೊದಲು ಹತ್ತು ಪುಟವಾದರೂ ಓದಬೇಕು.

ಲಕ್ಷ್ಮೇಶ್ವರದಿಂದ ಮೊನ್ನೆ ಬಂದ ಮಾದರಿ ಪುಟಗಳು ಕಳವಳ ಹುಟ್ಟಿಸುವಂತಿವೆ. ಪುಟಪುಟದಲ್ಲೂ ನಗುಮೊಗ, ಸರಳ ಸ್ವಭಾವ, ಸ್ನೇಹಜೀವಿ, ಉಜ್ವಲ ಭವಿಷ್ಯ. ಹೆಸರು ಅದಲುಬದಲು ಮಾಡಿದರೂ ಯಾವ ಪುಟಕ್ಕೂ ಧಕ್ಕೆಯಾಗದು. ಪರೀಕ್ಷೆ ಹತ್ತಿರ ಬಂತೆಂದು ಪುಸ್ತಕ ಕೈಬಿಟ್ಟು, ಫೋಟೋ ಜೋಡಿಸಿ ಹಿಂದೊಂದು ಹಾಡು ಹಾಕಿ ವಿಡಿಯೋ ಮಾಡಿ ಮುಗಿಸುವ ಯೋಚನೆಯೂ ಇದೆಯಂತೆ. ವಿಡಿಯೋಕ್ಕೂ ಅದರದೇ ಅನುಕೂಲವಿದೆ, ಅದನ್ನು ಒಪ್ಪಬೇಕು. ವಿಡಿಯೋ ಒಂದು ಸಂಜೆಯಲ್ಲಿ ಆಗುತ್ತದೆ, ಎಲ್ಲರ ಫೋನಿಗೂ ತಲುಪುತ್ತದೆ. ಆದರೆ ಅದರಲ್ಲಿ ಮುಖ ಮಾತ್ರ ಉಳಿಯುತ್ತದೆ. ಆ ಮುಖದ ಹುಡುಗ ಹೇಗೆ ನಡೆಯುತ್ತಿದ್ದ, ಯಾವುದಕ್ಕೆ ಹೆದರುತ್ತಿದ್ದ, ಯಾರ ಜೊತೆ ರೊಟ್ಟಿ ಹಂಚಿಕೊಂಡು ತಿನ್ನುತ್ತಿದ್ದ ಎಂಬುದು ಫೋಟೋಕ್ಕೆ ಸಿಗುವುದಿಲ್ಲ.

1980ರಲ್ಲಿ ಬೆಟಗೇರಿಯ ಒಂದು ಪ್ರೌಢಶಾಲೆಯಿಂದ ಹೊರಬಿದ್ದ ತಂಡ ಅಂಥ ಪುಸ್ತಕ ಮಾಡಿತ್ತು. ಈ ಪತ್ರ ಬರೆದಾಕೆ ಆ ತಂಡದವಳು. ಗದಗ ಆಗ ಧಾರವಾಡ ಜಿಲ್ಲೆಯ ತಾಲ್ಲೂಕು, ಜಿಲ್ಲೆಯಾದದ್ದು 1997ರಲ್ಲಿ. ಕನ್ನಡ ಮಾಸ್ತರರು ಡಬ್ಬಿಯಲ್ಲಿ ಎಲ್ಲರ ಹೆಸರಿನ ಚೀಟಿ ಹಾಕಿ ಎತ್ತಿಸಿದರು. ಯಾರ ಹೆಸರು ಬಂತೋ ಅವರ ಬಗ್ಗೆ ಬರೆಯಬೇಕು, ಗೆಳೆತನವಿದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ವಾರವಿಡೀ ಅವರನ್ನು ಗಮನಿಸಬೇಕು, ಯಾರೆಂದು ಬಾಯಿ ಬಿಡಬಾರದು. ಆ ವಾರ ತರಗತಿಯಲ್ಲಿ ಗದ್ದಲವೇ ಇರಲಿಲ್ಲ. ಎಲ್ಲರೂ ಎಲ್ಲರನ್ನೂ ನೋಡುತ್ತಿದ್ದರು.

ಬೆಟಗೇರಿಯ ಓಣಿಗಳಲ್ಲಿ ಆಗ ಬೆಳಗಾಗುತ್ತಿದ್ದದ್ದು ಕುಣಿಮಗ್ಗದ ಸದ್ದಿಗೆ. ನೇಕಾರರ ಮನೆಯ ಹುಡುಗಿಯೊಬ್ಬಳು ಕಂಡಿಕೆ ಸುತ್ತಿ ಮುಗಿಸಿ ಶಾಲೆಗೆ ಬರುತ್ತಿದ್ದಳು. ನೂಲಿನ ಬಣ್ಣ ಹೆಬ್ಬೆರಳು, ತೋರುಬೆರಳಿನ ಸಂದಿಗೆ ಹತ್ತಿರುತ್ತಿತ್ತು, ತೊಳೆದರೂ ಪೂರ್ತಿ ಹೋಗುತ್ತಿರಲಿಲ್ಲ. ಉತ್ತರ ಹೇಳಲು ಅವಳು ಕೈ ಎತ್ತಿದರೆ ಅವರ ಮನೆಯ ಮಗ್ಗದ ಮೇಲೆ ಈ ವಾರ ಯಾವ ಸೀರೆ ಏರಿದೆ ಎಂಬುದು ಹಿಂದಿನ ಬೆಂಚಿನವರಿಗೆ ತಿಳಿಯುತ್ತಿತ್ತು: ಒಮ್ಮೆ ಹಸಿರು, ಒಮ್ಮೆ ಕೆಂಪು, ದೀಪಾವಳಿ ಮುಂದೆ ಎರಡೂ. ಯಾರ ನೋಟ್‌ಬುಕ್ಕಿನ ಹಾಳೆ ಕಿತ್ತುಬಂದರೂ ಚೀಲದಿಂದ ನೂಲು ತೆಗೆದು ಹೊಲಿದು ಕೊಡುತ್ತಿದ್ದಳು. ಆ ಪುಸ್ತಕ ಹೊಲಿದದ್ದೂ ಅವಳೇ. ಅವಳ ಪುಟದಲ್ಲಿ ಅಂಕಗಳ ಸುದ್ದಿ ಇಲ್ಲ, ಶ್ರಮಜೀವಿ ಎಂಬ ಹೊಗಳಿಕೆಯೂ ಇಲ್ಲ. ಬೆರಳಿನ ಬಣ್ಣ ಇದೆ, ಹಾಳೆ ಹೊಲಿಯುವಾಗ ನೂಲನ್ನು ಹಲ್ಲಿನಿಂದ ಕಡಿಯುತ್ತಿದ್ದ ರೀತಿ ಇದೆ.

ಗದಗ ಮುದ್ರಣಕ್ಕೆ ಹೆಸರಾದ ಊರು. ಅಚ್ಚುಮೊಳೆ ಜೋಡಿಸುವ ಕೆಲಸಗಾರನೊಬ್ಬನ ಮಗ ಆ ತರಗತಿಯಲ್ಲಿದ್ದ. ಮೊಳೆಯ ಮೇಲೆ ಅಕ್ಷರ ತಿರುವುಮುರುವಾಗಿರುತ್ತದೆ. ಅಪ್ಪನ ಪಕ್ಕ ಕೂತು ಕೂತು ಆ ಹುಡುಗನಿಗೆ ಯಾವ ದಿಕ್ಕಿನಿಂದಲೂ ಓದಲು ಬರುತ್ತಿತ್ತು. ಮಾಸ್ತರರ ಮೇಜಿನ ಎದುರು ನಿಂತು, ಅವರ ಮುಂದಿನ ಅಂಕಪಟ್ಟಿಯನ್ನು ತಲೆಕೆಳಗಾಗಿಯೇ ಓದಿ, ಬೆಂಚಿಗೆ ಮರಳುವಷ್ಟರಲ್ಲಿ ಎಲ್ಲರ ಅಂಕ ಹೇಳಿಬಿಡುತ್ತಿದ್ದ. ನಪಾಸಾದವರ ಅಂಕ ಮಾತ್ರ ಜೋರಾಗಿ ಹೇಳುತ್ತಿರಲಿಲ್ಲ. ಅವರ ಹತ್ತಿರ ಹೋಗಿ ಕಿವಿಯಲ್ಲಿ ಹೇಳುತ್ತಿದ್ದ. ಅವನ ಪುಟ ಬರೆದ ಹುಡುಗಿ ಈ ಕಡೆಯ ಮಾತನ್ನೂ ಬಿಡದೆ ಬರೆದಿದ್ದಳು. ಅವಳು ಅವನೊಡನೆ ಒಂದು ದಿನವೂ ಮಾತಾಡಿದವಳಲ್ಲ. ಹೊಳೆಆಲೂರು ಕಡೆಯಿಂದ ರೈಲಿನಲ್ಲಿ ಬರುತ್ತಿದ್ದ ಇಬ್ಬರು ಅಣ್ಣತಮ್ಮಂದಿರು, ಅವರ ಬುತ್ತಿಯ ಕಟಿರೊಟ್ಟಿ, ಶೇಂಗಾ ಹಿಂಡಿಗೆ ಕಾಯುತ್ತಿದ್ದವರು, ಜಾತ್ರೆಯ ನಾಟಕದ ಮಾತುಗಳನ್ನು ಇಡಿಯಾಗಿ ಒಪ್ಪಿಸುತ್ತಿದ್ದವನು, ಇಂಥವರ ಪುಟಗಳೂ ಅದರಲ್ಲಿದ್ದವು.

25 ವರ್ಷ ತುಂಬಿದಾಗ, 2005ರಲ್ಲಿ, ಆ ತಂಡ ಗುರುವಂದನೆ ಇಟ್ಟುಕೊಂಡಿತು. ವೇದಿಕೆಯ ಮೇಲೆ ಪ್ರತಿಯೊಬ್ಬರ ಪರಿಚಯವೂ ಹುದ್ದೆಯಿಂದ ಶುರುವಾಯಿತು. ಹುದ್ದೆಯಿಲ್ಲದವರ ಪರಿಚಯ ಊರಿನ ಹೆಸರಿಗೇ ಮುಗಿಯಿತು. ಪುಸ್ತಕದಲ್ಲಿ ಮಾತ್ರ ಎಲ್ಲರಿಗೂ ಒಂದೊಂದು ಪುಟ. ಮೊಳೆ ಜೋಡಿಸುವವನ ಮಗ ಆ ಹೊತ್ತಿಗೆ ತೀರಿಕೊಂಡಿದ್ದ. ಅವನ ಮಗ ಬಂದಿದ್ದ. ತಂದೆಯ ಪುಟವನ್ನು ನಿಂತಲ್ಲೇ ಓದಿ, ಜೆರಾಕ್ಸ್ ಮಾಡಿಸಿಕೊಳ್ಳಲೇ ಎಂದು ಕೇಳಿದ. ತಂದೆಗೆ ತಲೆಕೆಳಗಾಗಿ ಓದಲು ಬರುತ್ತಿತ್ತೆಂಬುದು ಅವನಿಗೆ ಗೊತ್ತಿರಲಿಲ್ಲ.

ಯಾರು ಮುಂದೆ ಏನಾಗುತ್ತಾರೆಂದು ತಿಳಿಯದವರು ಬರೆದದ್ದು ಎಂಬುದೇ ಈ ಪುಟಗಳ ಹೆಚ್ಚುಗಾರಿಕೆ. ಹಾಡುಗಾರರಾಗಿ ದೊಡ್ಡ ಹೆಸರು ಮಾಡಿದ ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿ ಗದಗದಲ್ಲಿ ಬೆಳೆದ ಶಾಲಾ ಮಾಸ್ತರರ ಮಗ. 1933ರಲ್ಲಿ, 11ರ ವಯಸ್ಸಿನಲ್ಲಿ, ಸಂಗೀತದ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದರು. ದೊಡ್ಡವರಾದ ಮೇಲೆ ಹೇಳುವ ಬಾಲ್ಯದ ಕಥೆಗೆ ದೊಡ್ಡತನದ ನೆರಳು ಬಿದ್ದೇ ಬೀಳುತ್ತದೆ. ಪಕ್ಕದ ಬೆಂಚಿನ ಹುಡುಗ ಆ ವರ್ಷವೇ ಬರೆದ ಪುಟಕ್ಕೆ ಆ ನೆರಳಿಲ್ಲ. ತರಗತಿಯಿಂದ ಗಾಯಕರೇ ಹೊರಬರಲಿ, ಎಪಿಎಂಸಿಯಲ್ಲಿ ಹಮಾಲಿ ಮಾಡುವವರೇ ಹೊರಬರಲಿ, ಪುಟ ಬರೆಯುವ ಹೊತ್ತಿಗೆ ಇಬ್ಬರೂ ಹದಿನಾರರ ಹುಡುಗರು.

ಬರೆಯುವ ಕ್ರಮ ಕಷ್ಟದ್ದೇನಲ್ಲ. ಗುಣದ ಹೆಸರು ಬಿಟ್ಟು, ಆ ಗುಣ ಕಂಡ ಒಂದು ಗಳಿಗೆಯನ್ನು ಬರೆಯಬೇಕು. ಧೈರ್ಯವಂತೆ ಎನ್ನುವ ಬದಲು ಅವಳು ಯಾವ ದಿನ, ಯಾರ ಎದುರು, ಏನು ಮಾಡಿದಳು ಎಂದು ಹೇಳಬೇಕು. ಅವರ ಬಾಯಿಂದ ದಿನಾಲೂ ಬರುವ ಒಂದು ಮಾತು ಹಾಗೇ ಇರಬೇಕು, ಗದಗ ಸೀಮೆಯ ಕನ್ನಡದಲ್ಲೇ. ‘ತಡಿಯಲೇ, ನಾನೂ ಬರ್ತೇನಿ’ ಎನ್ನುವ ಹುಡುಗನನ್ನು ‘ನಿಲ್ಲು ಗೆಳೆಯ, ನಾನು ಸಹ ಬರುವೆನು’ ಎಂದು ಬರೆದರೆ ಅವನು ಅಲ್ಲಿ ಇರುವುದಿಲ್ಲ. 941ರ ಹೊತ್ತಿಗೆ ಪಂಪ ತನ್ನ ಕಾವ್ಯದ ಭಾಷೆ ಪುಲಿಗೆರೆಯ ಕನ್ನಡವೆಂದು ಹೆಮ್ಮೆಪಟ್ಟ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆ ಊರಿನ ಹುಡುಗಿ ತನ್ನ ಮಾತಿಗೆ ನಾಚಿಕೊಂಡು ಫೋನಿನಿಂದ ವಿಶೇಷಣ ಎತ್ತಿ ತರುವುದಕ್ಕೆ ಸೋಮಾರಿತನವೆನ್ನದೆ ಬೇರೇನೂ ಹೇಳಲಾಗದು. ಮೂರು ವರ್ಷ ಪಕ್ಕದಲ್ಲಿ ಕೂತವಳ ಬಗ್ಗೆ ನಾಲ್ಕು ನಿಜವಾದ ಸಾಲು ಬರೆಯಲಾಗದಿದ್ದರೆ ಆ ಮೂರು ವರ್ಷ ಕಣ್ಣು ಎಲ್ಲಿತ್ತು ಎಂದು ಕೇಳಬೇಕಾಗುತ್ತದೆ.

ಮಾತು ಸ್ವಲ್ಪ ಬಿರುಸಾಯಿತು. ಹದಿನಾರರ ಮಕ್ಕಳ ತಲೆಯ ಮೇಲೆ ಇಡೀ ತರಗತಿಯ ಹೊಣೆ ಹೊರಿಸಿ, ಅದು ಸಲೀಸಾಗಿ ಬರಲಿಲ್ಲವೆಂದು ಗದರುವುದು ಸರಿಯಲ್ಲ. ಮಾದರಿ ಪುಟಗಳಲ್ಲೂ ಒಂದು ಒಳ್ಳೆಯ ಸಾಲಿದೆ: ಕಡಲೆ ಕೀಳುವ ದಿನಗಳಲ್ಲಿ ಶಾಲೆ ತಪ್ಪಿಸುವ ಹುಡುಗ ಮರಳಿ ಬರುವಾಗ ಎಲ್ಲರಿಗೂ ಹಸಿಕಡಲೆಯ ಗಿಡ ತರುತ್ತಾನೆಂದು, ಮಾಸ್ತರರಿಗೂ ಒಂದು ಕಟ್ಟು ಕೊಡುತ್ತಾನೆಂದು. ಬರೆದವಳಿಗೆ ನೋಡಲು ಬರುತ್ತದೆ ಎನ್ನಲು ಅದೊಂದೇ ಸಾಲು ಸಾಕು. ಉಳಿದ ಪುಟಗಳನ್ನೂ ಆ ಸಾಲಿನ ಮಟ್ಟಕ್ಕೆ ತರಬೇಕು.

ಬರೆಯಬಾರದ್ದೂ ಇದೆ. ಮೈಬಣ್ಣ, ತೊದಲು, ಕುಂಟು, ಜಾತಿ, ಮನೆಯ ಬಡತನ, ಯಾರನ್ನು ಯಾರೊಡನೆ ಕೂಡಿಸಿ ಚುಡಾಯಿಸುತ್ತಿದ್ದರು ಎಂಬುದು, ಇವು ಪುಟಕ್ಕೆ ಬರಬಾರದು. ಅಡ್ಡಹೆಸರನ್ನು ಆ ಹುಡುಗ ತಾನೇ ನಗುತ್ತ ಒಪ್ಪಿಕೊಂಡಿದ್ದರೆ ಮಾತ್ರ ಬರೆಯಬಹುದು. ಪುಟ ಮುಗಿದ ಮೇಲೆ ಯಾರ ಬಗ್ಗೆ ಬರೆದದ್ದೋ ಅವರಿಗೆ ಓದಿ ಹೇಳಬೇಕು. ಅವರು ಬೇಡವೆಂದ ಸಾಲನ್ನು ವಾದವಿಲ್ಲದೆ ತೆಗೆಯಬೇಕು.

ಯಾರ ಯಾರ ಪುಟ ಇರಬೇಕು ಎಂಬಲ್ಲಿ ಹೆಚ್ಚು ಎಚ್ಚರ ಬೇಕು. ಹಾಜರಿ ಪುಸ್ತಕದಲ್ಲಿ ಈಗ ಇರುವ ಹೆಸರುಗಳಷ್ಟೇ ತರಗತಿಯಲ್ಲ. ಮುಂಡರಗಿ ಕಡೆಯ ತಾಂಡಾಗಳಿಂದ, ಶಿರಹಟ್ಟಿಯ ಹಳ್ಳಿಗಳಿಂದ ದುಡಿಯಲು ಗೋವಾಕ್ಕೆ, ಮಂಗಳೂರಿಗೆ ಹೋಗುವ ತಂದೆತಾಯಿಯ ಜೊತೆ ಮಕ್ಕಳೂ ಹೋಗಿಬಿಡುತ್ತಾರೆ. ಒಂಬತ್ತರಲ್ಲಿ ನಪಾಸಾಗಿ ಗ್ಯಾರೇಜು ಸೇರಿದವನು, ಮನೆಯಲ್ಲಿ ಹಿರಿಯರು ಬಿದ್ದರೆಂದು ಶಾಲೆ ಬಿಡಿಸಿದ ಹುಡುಗಿ, ಇವರೂ ಆ ಬೆಂಚುಗಳಲ್ಲಿ ಕೂತವರು. 1980ರ ಪುಸ್ತಕದಲ್ಲಿ ತಾಂಡಾದ ಹುಡುಗನೊಬ್ಬನ ಪುಟವಿತ್ತು. ಮನೆಯಲ್ಲಿ ಲಂಬಾಣಿ ಮಾತಾಡುತ್ತಿದ್ದ ಅವನ ಕನ್ನಡ ಅಕ್ಷರ ಎಲ್ಲರಿಗಿಂತ ದುಂಡಗಿತ್ತು. ಕರಿಹಲಗೆಯ ಮೇಲೆ ತಾರೀಖು ಬರೆಯುವುದು ಅವನ ಪಾಲಿನ ಕೆಲಸ. ಪರೀಕ್ಷೆಗೆ ಮೊದಲೇ ಶಾಲೆ ಬಿಟ್ಟು ಹೋದ. ಹೋದವನ ಪುಟ ಯಾಕೆ ಎಂದು ಕೆಲವರು ಕೇಳಿದಾಗ, ಅದನ್ನೇ ಮೊದಲು ಬರೆಯಿರಿ, ಮುಂದಿನ ತಿಂಗಳಿಗೆ ಅವನ ವಿಷಯ ಯಾರಿಗೂ ನೆನಪಿರುವುದಿಲ್ಲ ಎಂದು ಮಾಸ್ತರರು ಅಂದರು. ಬೀಳ್ಕೊಡುಗೆಯ ಗ್ರೂಪ್ ಫೋಟೋದಲ್ಲಿ ಅವನಿಲ್ಲ. ಲಕ್ಷ್ಮೇಶ್ವರದಿಂದ ಬಂದ ಹೆಸರುಗಳ ಪಟ್ಟಿಯಲ್ಲಿ ಇಂಥವರ ಒಂದು ಹೆಸರೂ ಕಾಣುವುದಿಲ್ಲ; ಅದನ್ನು ಇಂದೇ ಸರಿಪಡಿಸಬೇಕು.

ಇನ್ನು ಪರೀಕ್ಷೆಯ ಮಾತು. 625 ಅಂಕಗಳ ಪರೀಕ್ಷೆ ಎದುರಿಗಿರುವಾಗ ಪುಸ್ತಕಕ್ಕೆ ಹೊತ್ತು ಹಾಳು ಮಾಡುವುದೇಕೆ ಎಂದು ಮನೆಯವರು ಕೇಳುವುದರಲ್ಲಿ ತಪ್ಪಿಲ್ಲ. ಅಂಕಗಳಿಂದ ಪಿಯುಸಿ, ಡಿಪ್ಲೊಮಾ, ಐಟಿಐ ದಾರಿಗಳು ತೆರೆಯುತ್ತವೆ. ಸಣ್ಣ ಊರಿನ ಮಕ್ಕಳಿಗೆ ಅವು ಬೇಕೇ ಬೇಕು. ಓದಿನ ಹೊತ್ತನ್ನು ಕದಿಯಬಾರದು. ಆದರೆ ಒಂದು ಪುಟಕ್ಕೆ ಬೇಕಾದದ್ದು ಒಂದು ಸಂಜೆ, ಅದೂ ಫೋನು ನುಂಗುವ ಸಂಜೆ. 2024ರಿಂದ ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಬಂದವರು ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವೂ ಬಂದಿದೆ. ಆದರೆ ಒಂದು ತರಗತಿ ಇಡಿಯಾಗಿ ಮತ್ತೊಮ್ಮೆ ಕೂಡುವುದಿಲ್ಲ. ಕೆಲಸವನ್ನು ಒಬ್ಬಳೇ ಹೊರಬೇಕಾಗಿಲ್ಲ. ಚೀಟಿ ಎತ್ತಿಸಿ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಒಂದೇ ಪುಟ, ಬಿಟ್ಟುಹೋದವರ ಪುಟಗಳನ್ನು ಮಾತ್ರ ಇಬ್ಬರು ಮೂವರು ಕೂಡಿ ಬರೆಯಬೇಕು.

ಉಳಿದದ್ದು ಪುಸ್ತಕ ಕಟ್ಟುವ ಕೆಲಸ. ಉದ್ದ ಹಾಳೆ, ಒಂದೇ ಮಗ್ಗುಲಿಗೆ ಬರಹ, ಎಡಕ್ಕೆ ಹೊಲಿಗೆಗೆ ಸಾಕಷ್ಟು ಜಾಗ. ಬಾಲ್‌ಪೆನ್ನಿನ ಕಪ್ಪು ಶಾಯಿ ಜೆರಾಕ್ಸಿನಲ್ಲಿ ಚೆನ್ನಾಗಿ ಮೂಡುತ್ತದೆ. ಬರೆದವರ ಕೈಬರಹವೇ ಇರಲಿ, ಡಿಟಿಪಿ ಬೇಡ. ಪುಟದ ಕೆಳಗೆ ಬರೆದವರ ಸಹಿ ಮತ್ತು ತಾರೀಖು ಇರಬೇಕು. ಮೂಲಪ್ರತಿ ಶಾಲೆಯ ಗ್ರಂಥಾಲಯದ ದಾಖಲೆಗೆ ಸೇರಬೇಕು. ಹುಡುಗರ ಮನೆಯಲ್ಲಿಟ್ಟರೆ ಮನೆ ಬದಲಿಸುವಾಗ ಕಳೆದುಹೋಗುತ್ತದೆ. ಶಾಲೆ ಬಿಟ್ಟವರ ಪುಟಗಳ ಪ್ರತಿಯನ್ನು ಅವರ ಮನೆಗೆ ಯಾರಾದರೂ ನಡೆದುಹೋಗಿ ಕೊಟ್ಟು ಬರಬೇಕು. ಬರೆದ ಪುಟಗಳು ಶಿವರಾತ್ರಿಯೊಳಗೆ ಬೆಟಗೇರಿಗೆ ಬಂದರೆ ಕಾಗುಣಿತ ತಿದ್ದಿ ಮರುದಿನದ ಬಸ್ಸಿಗೇ ಕಳಿಸಲಾಗುವುದು. ಹಾಳೆ, ಜೆರಾಕ್ಸು, ರಟ್ಟಿನ ಖರ್ಚು ಅತ್ತೆಯದು.


ಅತ್ತೆ, ಬೆಟಗೇರಿ